ಬಾಗಿಲು ಕೇಳಿದ ಸಾಲು

ಆ ಊರು ಎಲ್ಲಿದೆ ಎಂದು ಕೇಳಬೇಡಿ. ಕೇಳಿದವರಿಗೆಲ್ಲ ಒಂದೊಂದು ದಿಕ್ಕು ತೋರಿಸಿ ಕೈ ಸೋತಿದೆ. ಕಲ್ಲಿನ ಊರು, ಗಾಳಿಯ ಊರು, ಓಣಿಯ ತುಂಬ ಬಾಗಿಲುಗಳಿದ್ದು ಒಂದಕ್ಕೂ ಚಿಲಕವಿಲ್ಲದ ಊರು ಎಂದಷ್ಟು ತಿಳಿದುಕೊಂಡರೆ ಸಾಕು.

ಚಿಲಕವಿಲ್ಲ, ಅಗಳಿಯಿಲ್ಲ, ಬೀಗದ ಮುಖವನ್ನಂತೂ ಯಾರೂ ನೋಡಿಲ್ಲ. ಅಲ್ಲಿ ಬಾಗಿಲು ತೆರೆಯುವುದು ಪದ್ಯದ ಒಂದು ಸಾಲಿಗೆ. ಹೊರಗಿನಿಂದ ಮನೆಗೆ ಬಂದವರು ಹೊಸ್ತಿಲ ಮುಂದೆ ನಿಂತು, ಎಡಗೈಯನ್ನು ಕದದ ಮೇಲಿಟ್ಟು, ಆ ವರ್ಷದ ಸಾಲನ್ನು ಹೇಳಬೇಕು. ಹೇಳಿದರೆ ಕದ ತೆರೆಯುತ್ತದೆ. ಸಿರಿವಂತನ ಮನೆಗೂ ಅದೇ ಸಾಲು, ಬಡವನ ಮನೆಗೂ ಅದೇ ಸಾಲು. ಎಲ್ಲರಿಗೂ ಗೊತ್ತಿರುವ ಸಾಲಿಗೆ ತೆರೆಯುವುದಾದರೆ ಬಾಗಿಲು ಯಾಕೆ ಬೇಕು ಎಂದು ನೀವು ಕೇಳಬಹುದು. ಅಲ್ಲಿನವರು ಹಾಗೆ ಕೇಳಿಕೊಂಡವರಲ್ಲ. ಮನುಷ್ಯ ಒಳಗೆ ಹೋಗುವ ಮುಂಚೆ ಒಂದು ಒಳ್ಳೆಯ ಮಾತು ಆಡಿ ಹೋಗಬೇಕು, ಅವರಿಗೆ ಅಷ್ಟೇ ಗೊತ್ತು.

ಆದರೆ ಸಾಲು ಸವೆಯುತ್ತದೆ. ಎಷ್ಟು ಚೆಂದದ ಸಾಲಾದರೂ ಒಂದು ವರ್ಷ ಊರೆಲ್ಲ ಹೊತ್ತು ಹೊತ್ತಿಗೆ ಹೇಳಿದ ಮೇಲೆ ಅದರಲ್ಲಿ ಏನೂ ಉಳಿಯುವುದಿಲ್ಲ. ವರ್ಷದ ಕೊನೆಯ ದಿನಗಳಲ್ಲಿ ಜನ ತಮ್ಮ ಮನೆಯ ಮುಂದೆಯೇ ನಿಂತು ಅದೇ ಸಾಲನ್ನು ಮತ್ತೆ ಮತ್ತೆ ಹೇಳಿ ಗಂಟಲು ಒಣಗಿಸಿಕೊಳ್ಳುತ್ತಾರೆ. ಆಗ ಹೊಸ ಸಾಲಿನ ದಿನ ಬರುತ್ತದೆ. ಹೊಸ ಸಾಲನ್ನು ಆರಿಸುವುದು ಊರ ಹಿರಿಯರಲ್ಲ, ಪಂಡಿತರಲ್ಲ, ಶಾಲೆಯ ಬಾಗಿಲು.

ಮನೆಯ ಬಾಗಿಲುಗಳು ಪಾಪದವು, ಶಾಲೆಯ ಬಾಗಿಲು ಒಪ್ಪಿದ್ದನ್ನು ಅವೂ ಒಪ್ಪುತ್ತವೆ. ಶಾಲೆಯ ಬಾಗಿಲು ಮಾತ್ರ ಬಲು ಹಟಮಾರಿ. ಹಿಂದೆ ಕೇಳಿದ್ದನ್ನು ಅದು ಮತ್ತೆ ಕೇಳುವುದಿಲ್ಲ. ಹೇಳುವವರು ತಾವು ಕಾಣದ್ದನ್ನು ಹೇಳಿದರೆ ಕೇಳುವುದೇ ಇಲ್ಲ. ದೊಡ್ಡವರ ಮಾತಿಗೆ ಅದು ಎಂದೋ ಕಿವುಡಾಗಿದೆ. ಹಾಗಾಗಿ ಹೊಸ ಸಾಲಿನ ದಿನ ಬೆಳಿಗ್ಗೆ ಸಣ್ಣ ತರಗತಿಯ ಮಕ್ಕಳು ಕಾಲು ತೊಳೆದುಕೊಂಡು, ಪಾಟಿ ಬಳಪ ಹಿಡಿದುಕೊಂಡು, ಪಾಠ ಹೇಳುವ ಅಕ್ಕೋರ ಹಿಂದೆ ಒಳಗೆ ಹೋಗುತ್ತಾರೆ. ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ. ಒಳಗಿನಿಂದ ಯಾವುದಾದರೂ ಮಗು ಹೊಸ ಸಾಲೊಂದನ್ನು ಹೇಳುವ ತನಕ ಅದು ತೆರೆಯುವುದಿಲ್ಲ.

ಹಿಂದೆಲ್ಲ ಬೆಳಗಿನ ಹೊತ್ತಿಗೇ ತೆರೆಯುತ್ತಿತ್ತಂತೆ. ಬರಬರುತ್ತ ಮಧ್ಯಾಹ್ನವಾಯಿತು, ಮಧ್ಯಾಹ್ನ ಇಳಿಹೊತ್ತಾಯಿತು. ಹೋದ ವರ್ಷ ದೀಪ ಹಚ್ಚುವ ಹೊತ್ತಿಗೆ, ಇನ್ನೇನು ಹಿಂದಿನ ಗೋಡೆ ಒಡೆಯಬೇಕು ಎನ್ನುವಾಗ ತೆರೆಯಿತು. ಜನಕ್ಕೆ ಬೇಸರ ಬಂದುಬಿಟ್ಟಿತ್ತು. ಈ ವರ್ಷ, ಊರ ಬಾಗಿಲುಗಳ ಉಸ್ತುವಾರಿ ನೋಡುವ ಹೊಸ್ತಿಲ ಹಿರಿಯರು ಊರ ಕಟ್ಟೆಯ ಮೇಲೆ ನಿಂತು ಖಂಡಿತವಾಗಿ ಹೇಳಿದರು. ದೀಪ ಹಚ್ಚುವುದರೊಳಗೆ ಬಾಗಿಲು ತೆರೆಯದಿದ್ದರೆ ಗೋಡೆ ಒಡೆದು ಮಕ್ಕಳನ್ನು ಹೊರಗೆ ತರುವುದು, ಊರ ಬಾಗಿಲುಗಳಿಗೆಲ್ಲ ಕಬ್ಬಿಣದ ಚಿಲಕ ಹಾಕುವುದು. ಕಮ್ಮಾರ ಆಗಲೇ ಚಿಲಕಗಳನ್ನು ಬಡಿದು ಶಾಲೆಯ ಮುಂದೆ ರಾಶಿ ಹಾಕಿದ್ದ.

ಚಿಲಕ ಬಂದ ಊರಿಗೆ ಸಾಲು ಯಾಕೆ, ಸಾಲು ಬೇಡದ ಊರಿಗೆ ಶಾಲೆ ಯಾಕೆ, ಶಾಲೆ ಇಲ್ಲದ ಊರಿಗೆ ಅಕ್ಕೋರು ಯಾಕೆ. ಇದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅಕ್ಕೋರಿಗೆ ಹೇಳುವ ಅಗತ್ಯವೂ ಇರಲಿಲ್ಲ.

ಅಕ್ಕೋರು ಕೆಟ್ಟವರಲ್ಲ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು, ಅಷ್ಟೇ. ವರ್ಷವೆಲ್ಲ ಅವರು ಮಕ್ಕಳನ್ನು ಕರೆದುಕೊಂಡು ಓಣಿ ಓಣಿ ತಿರುಗಿದ್ದರು. ಕಲ್ಲಿಗೆ ಕಿವಿ ಹಚ್ಚಿಸಿದ್ದರು, ಒಣಗಿದ ಎಲೆಯನ್ನು ಮೂಸಿಸಿದ್ದರು, ಗಾಳಿ ಯಾವ ಸಂದಿಯಲ್ಲಿ ಹೇಗೆ ಅಳುತ್ತದೆ ಎಂದು ನಿಂತು ಕೇಳಿಸಿದ್ದರು. ಮಕ್ಕಳನ್ನು ದನ ಕಾದ ಹಾಗೆ ಕಾಯುತ್ತಾರೆ, ಕಲಿಸುವುದು ಏನೂ ಇಲ್ಲ ಎಂದು ಊರವರು ಆಡಿಕೊಂಡಿದ್ದರು. ಹಾಗೆ ತಿರುಗುವಾಗ ಮಕ್ಕಳ ಬಾಯಿಂದ ಎಂಥೆಂಥ ಮಾತು ಉದುರುತ್ತಿದ್ದವು! ಆದರೆ ಪಾಟಿ ಕೈಗೆ ಕೊಟ್ಟು, ಬರಿ ಅಂದ ಕೂಡಲೇ ಅದೇ ಮಕ್ಕಳು ಚಂದ್ರ ಬರೆಯುತ್ತಿದ್ದವು. ಇದು ಅಕ್ಕೋರಿಗೆ ಎಂದೂ ಅರ್ಥವಾಗದ ಸಂಗತಿ.

ಅವರಿಗೊಂದು ರೂಢಿ ಇತ್ತು. ಮಗು ಪಾಟಿ ತಂದು ತೋರಿಸಿದಾಗ ಸಾಲು ಸರಿಯಿಲ್ಲದಿದ್ದರೆ ಬಯ್ಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. ಬಲ ಅಂಗೈಯಿಂದ ಪಾಟಿ ಒರೆಸಿ, ಹೊಸದು ತಾ ಎಂದು ಕೊಟ್ಟು ಕಳಿಸುತ್ತಿದ್ದರು. ಹೊಡೆಯದ ಅಕ್ಕೋರು ಎಂದು ಮಕ್ಕಳ ತಾಯಂದಿರಿಗೆ ಅದರಿಂದ ಸಮಾಧಾನವೇ ಇತ್ತು.

ಆ ದಿನ ಹೊಸ್ತಿಲಿಗೆ ಅರಿಶಿನ ಹಚ್ಚಿದರು, ಕದಕ್ಕೆ ಎಣ್ಣೆ ಸವರಿದರು, ಮಕ್ಕಳು ಕಾಲು ತೊಳೆದುಕೊಂಡು ಒಳಗೆ ಹೋದರು, ಬಾಗಿಲು ಮುಚ್ಚಿಕೊಂಡಿತು. ಅಕ್ಕೋರು ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೊದಲು ಯಾರು ಎಂದರು.

ಮೊದಲು ಬಳೆ ಮಾರುವವನ ಮಗಳು ಎದ್ದಳು. ಎಡಗೈ ಕದದ ಮೇಲಿಟ್ಟು, ಚಂದಮಾಮ ಬೆಳ್ಳಿಯ ತಟ್ಟೆ ಎಂದಳು. ಬಾಗಿಲು ಕೇಳಲಿಲ್ಲ. ಅವಳ ಹಿಂದಿನವನು ಸೂರ್ಯ ಚಿನ್ನದ ತಟ್ಟೆ ಎಂದ. ಬಾಗಿಲು ಕೇಳಲಿಲ್ಲ. ಮೂರನೆಯದು, ನಕ್ಷತ್ರಗಳು ಆ ತಟ್ಟೆಗೆ ಹಾಕಿದ ಅಕ್ಕಿಕಾಳು ಎಂದಿತು. ಆಕಾಶದಲ್ಲಿ ಪಾತ್ರೆ ಪಡಗ ಏನೇನಿವೆಯೋ ಎಲ್ಲ ಬಂದವು, ಬಾಗಿಲು ಒಂದನ್ನೂ ಕೇಳಲಿಲ್ಲ. ಆಮೇಲೆ ಹೂವು ಬಂತು, ಗಿಣಿ ಬಂತು, ಅಮ್ಮನೇ ದೇವರು ಬಂತು. ಮಕ್ಕಳು ಬಾಯಿಪಾಠ ಒಪ್ಪಿಸಿದ ಹಾಗೆ ಒಪ್ಪಿಸಿ, ಕೈಕಟ್ಟಿ ನಿಂತು, ಅಕ್ಕೋರ ಮುಖ ನೋಡಿದವು.

ಅಕ್ಕೋರು ಪಾಟಿ ಒರೆಸಿದರು. ಹೊಸದು ತರ್‍ರಿ ಎಂದರು.

ಹೊರಗೆ ಅಪ್ಪ ಅಮ್ಮಂದಿರಿಗೆ ತಡೆದುಕೊಳ್ಳಲಾಗಲಿಲ್ಲ. ಕಿಟಕಿಯ ಹತ್ತಿರ ಬಂದು ತಮ್ಮ ತಮ್ಮ ಮಕ್ಕಳಿಗೆ ಹೇಳಿಕೊಡಲು ಶುರುಮಾಡಿದರು. ಕಮಲ ಅನ್ನು, ನೈದಿಲೆ ಅನ್ನು, ಮನೇಲಿ ಕಲಿಸಿದ್ದು ಮರೆತೆಯಾ ಎಂದು ಒಬ್ಬರ ಮೇಲೊಬ್ಬರು ಕೂಗಿದರು. ಹೊಸ್ತಿಲ ಹಿರಿಯರು ತಾವೇ ಬಂದು, ತಾವು ಎಳವೆಯಲ್ಲಿ ಕಟ್ಟಿದ್ದ, ಮೊದಲಿಗೂ ಕೊನೆಗೂ ಪ್ರಾಸವಿದ್ದ ಒಂದು ಸಾಲನ್ನು ಕಿಟಕಿಯಿಂದ ಒಳಗೆ ಬಿಟ್ಟರು. ಅದನ್ನು ಒಂದು ಮಗು ಹೇಳಿಯೂ ನೋಡಿತು. ಬಾಗಿಲು ಅಲುಗಾಡಲಿಲ್ಲ. ಅಕ್ಕೋರು ಕಿಟಕಿಯನ್ನು ಹಿರಿಯರ ಮೂಗಿನ ಮುಂದೆಯೇ ಮುಚ್ಚಿದರು.

ಕಿಟಕಿ ಮುಚ್ಚಿದ ಮೇಲೆ ಸೆಕೆ ಶುರುವಾಯಿತು. ಅಕ್ಕೋರು ತಮಗೆ ಗೊತ್ತಿದ್ದ ಉಪಾಯಗಳನ್ನೆಲ್ಲ ಮಾಡಿದರು. ಕಣ್ಣು ಮುಚ್ಚಿ, ಏನು ಕೇಳಿಸುತ್ತದೆ ಹೇಳಿ ಎಂದರು. ಮಕ್ಕಳು ಕಣ್ಣು ಮುಚ್ಚಿ, ಕೋಗಿಲೆ ಕೇಳಿಸುತ್ತದೆ ಎಂದವು. ಆ ಊರಿನಲ್ಲಿ ಕೋಗಿಲೆಯೇ ಇರಲಿಲ್ಲ. ನಿಮ್ಮ ಮೊಣಕಾಲಿನ ಗಾಯದ ಮೇಲೆ ಒಂದು ಸಾಲು ಹೇಳಿ ಎಂದರು. ಗಾಯವಾಗಬಾರದು, ಹುಷಾರಾಗಿರಬೇಕು ಎಂದವು. ಗೋಡೆ ನೋಡ್ರಿ, ಸುಮ್ಮನೆ ಗೋಡೆ ನೋಡ್ರಿ, ಅದರಲ್ಲಿ ಏನು ಕಾಣ್ತದೋ ಅದನ್ನು ಹೇಳ್ರಿ ಎಂದರು. ಮಕ್ಕಳು ಗೋಡೆ ನೋಡಲಿಲ್ಲ, ಅಕ್ಕೋರ ಮುಖ ನೋಡಿದವು. ಅವರಿಗೆ ಯಾವುದು ಹಿಡಿಸೀತು ಎನ್ನುವುದು ಆ ಮುಖದ ಮೇಲೆ ಎಲ್ಲೋ ಬರೆದಿದೆ ಎಂದು ಮಕ್ಕಳಿಗೆ ಖಾತ್ರಿಯಿತ್ತು. ಅಕ್ಕೋರಿಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು.

ಆಗ ಗಾಣದ ಮನೆಯ ಹುಡುಗ ಒಬ್ಬನೇ ನಿಜವಾಗಿ ಗೋಡೆಯ ಕಡೆ ತಿರುಗಿದ. ಅಲ್ಲೊಂದು ಹಲ್ಲಿ ಇತ್ತು. ಅವನು ಪಾಟಿ ಹಿಡಿಯದೆ, ಕೈ ಕದದ ಮೇಲಿಡದೆ, ಪಕ್ಕದವನಿಗೆ ಹೇಳುವ ಹಾಗೆ ಹೇಳಿದ.

"ಹಲ್ಲಿ ನಮ್ಮಪ್ಪನಂಗ ಕುಂತೈತಿ. ಬೈಸಿಕೊಂಡು."

ಬಾಗಿಲು ಕಿರ್ ಎಂದಿತು. ಒಂದು ಕೂದಲಿನಷ್ಟು ಸಂದಿಯಾಗಿ ಬೆಳಕಿನ ಎಳೆಯೊಂದು ನೆಲದ ಮೇಲೆ ಬಿತ್ತು.

ಅಕ್ಕೋರು ಓಡಿ ಹೋಗಿ ಹುಡುಗನ ಹೆಗಲು ಹಿಡಿದುಕೊಂಡು, ಶಾಣ್ಯಾ ನೀನು, ಇನ್ನೊಂದು ಸಲ ಹೇಳು, ಸ್ವಲ್ಪ ಚಂದ ಮಾಡಿ ಹೇಳು ಎಂದರು. ಅವರು ಕೇಳಿದ್ದು ಅಷ್ಟೇ, ಸ್ವಲ್ಪ ಚಂದ. ಹುಡುಗ ಅವರ ಮುಖ ನೋಡಿದ, ಯೋಚಿಸಿದ, ನೆಟ್ಟಗೆ ನಿಂತ, ಕೈಕಟ್ಟಿದ, ಹಲ್ಲಿಯು ಗೋಡೆಯ ಮೇಲೆ ಋಷಿಯಂತೆ ತಪವ ಮಾಡುತಿಹುದು ಎಂದ. ಬಾಗಿಲು ದಡಾರನೆ ಮುಚ್ಚಿಕೊಂಡಿತು.

ಅಲ್ಲಿಂದ ಮುಂದೆ ಹಲ್ಲಿಗಳ ಕಾಟ. ಅಕ್ಕೋರಿಗೆ ಹಲ್ಲಿ ಹಿಡಿಸುತ್ತದೆ ಎಂದು ತಿಳಿದ ಮೇಲೆ ಮಕ್ಕಳು ಬಿಟ್ಟಾವೆಯೇ? ಹಲ್ಲಿ ಮಾವನಂತೆ, ಹಲ್ಲಿ ರಾಜನಂತೆ, ಹಲ್ಲಿ ಚಂದ್ರನಂತೆ. ಒಬ್ಬಳಂತೂ ಹಲ್ಲಿಯೇ ದೇವರು ಎಂದಳು. ಅಕ್ಕೋರು ಒರೆಸಿದರು, ಒರೆಸಿದರು, ಬೆವರೂ ಬಳಪದ ಹುಡಿಯೂ ಸೇರಿ ಅವರ ಅಂಗೈ ಸುಣ್ಣ ಬಳಿದ ಹಾಗಾಯಿತು. ನಿಜವಾದ ಹಲ್ಲಿ ಇದನ್ನೆಲ್ಲ ಕೇಳಲಾರದೆ ಜಂತೆಯ ಹಿಂದೆ ಹೋಗಿಬಿಟ್ಟಿತು.

ಹಲ್ಲಿ ಬೇಡ ಎಂದು ಅಕ್ಕೋರು ಕೂಗಿದರು. ಕೂಗಿದ್ದೇ ತಡ, ಮಕ್ಕಳು ಅಜ್ಜಿಗೆ ಬಂದವು.

ಅಜ್ಜಿಯ ಕತೆ ಬೇರೆ ಇದೆ. ಹಿಂದೊಂದು ವರ್ಷ ಒಬ್ಬ ತುಂಟ, ಅಜ್ಜಿ ಹಲ್ಲು ಅಜ್ಜಿಗಿಂತ ಮೊದಲ ಊರು ಬಿಟ್ವು ಎಂದಿದ್ದ, ಬಾಗಿಲು ನಕ್ಕ ಹಾಗೆ ಸದ್ದು ಮಾಡಿ ತೆರೆದಿತ್ತು. ಆ ವರ್ಷವೆಲ್ಲ ಊರು ಅದೇ ಸಾಲು ಹೇಳಿಕೊಂಡು ನಗುತ್ತ ಮನೆಯೊಳಗೆ ಹೋಯಿತು. ಅಂದಿನಿಂದ ಬಾಗಿಲಿಗೆ ಅಜ್ಜಿಯರೆಂದರೆ ಇಷ್ಟ ಎಂದು ಊರವರು ತೀರ್ಮಾನಿಸಿಬಿಟ್ಟರು. ಮನೆಮನೆಯಲ್ಲಿ ಮಕ್ಕಳಿಗೆ ಅಜ್ಜಿಯ ಸಾಲು ಕಲಿಸಿದರು. ಅಜ್ಜಿಯ ಕೂದಲು ಬೆಳ್ಳಿ, ಅಜ್ಜಿಯ ಮನಸ್ಸು ಬೆಣ್ಣೆ, ಅಜ್ಜಿ ಕತೆಗಳ ಕಣಜ. ಅಜ್ಜಿಯನ್ನೇ ನೋಡದ ಮಕ್ಕಳೂ ಇವನ್ನು ಒಪ್ಪಿಸುತ್ತಿದ್ದವು. ಅಕ್ಕೋರಿಗೆ ಆ ಶಬ್ದ ಕೇಳಿದರೆ ಮೈ ಉರಿಯುತ್ತಿತ್ತು.

ಆಗ ಅವರು ಹೊಸ ರೀತಿ ಹಿಡಿದರು. ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಪಾಟಿಯ ಮೊದಲ ಶಬ್ದ ನೋಡುವುದು, ಚಂದ್ರ ಇದ್ದರೆ ಒರೆಸುವುದು, ಹಲ್ಲಿ ಇದ್ದರೆ ಒರೆಸುವುದು, ಅಜ್ಜಿ ಇದ್ದರೆ ಒರೆಸುವುದು. ಪೂರ್ತಿ ಓದುತ್ತ ಕೂತರೆ ದೀಪ ಹಚ್ಚುವ ಹೊತ್ತಾಗುತ್ತಿತ್ತು. ಮೊದಲ ಶಬ್ದದಲ್ಲೇ ಎಲ್ಲ ತಿಳಿಯುತ್ತದೆ ಎಂದುಕೊಂಡರು. ಅಂಗೈ ತಾನಾಗಿ ಆಡುತ್ತಿತ್ತು.

ಆ ಸಾಲಿನಲ್ಲಿ ಹಗ್ಗ ಹೊಸೆಯುವವಳ ಮಗಳು ಬಂದಳು. ಅವಳು ತರಗತಿಯಲ್ಲಿ ಎಲ್ಲರಿಗಿಂತ ಸಣ್ಣವಳು, ಮಾತು ಕಡಿಮೆ. ಬೆಳಗಿನಿಂದ ಒಂದು ಸಲವೂ ಎದ್ದಿರಲಿಲ್ಲ, ಮೂಲೆಯಲ್ಲಿ ಕೂತು ಬರೆಯುತ್ತಲೇ ಇದ್ದಳು. ಅವಳ ಪಾಟಿ ಎರಡೂ ಬದಿ ಇರುವೆ ಸಾಲಿನಂಥ ಅಕ್ಷರಗಳಿಂದ ತುಂಬಿ ಹೋಗಿತ್ತು. ಅಕ್ಕೋರು ನೋಡಿದರು. ಮೊದಲ ಶಬ್ದ, ನಮ್ಮಜ್ಜಿ.

ಅಕ್ಕೋರು ಈ ಬದಿ ಒರೆಸಿದರು. ತಿರುಗಿಸಿ ಆ ಬದಿ ಒರೆಸಿದರು. ಹೊಸದು ತಾ ಎಂದರು.

ಹುಡುಗಿ ಖಾಲಿ ಪಾಟಿಯನ್ನು ಇಸಿದುಕೊಂಡಳು. ಅದನ್ನು ಒಂದು ಗಳಿಗೆ ನೋಡಿದಳು, ತಿರುಗಿಸಿ ಹಿಂದೆಯೂ ನೋಡಿದಳು. ಅಳಲಿಲ್ಲ. ಹೋಗಿ ತನ್ನ ಮೂಲೆಯಲ್ಲಿ ಕೂತಳು. ಬಳಪ ಮುಟ್ಟಲಿಲ್ಲ.

ಹೊತ್ತು ಏರಿ ಇಳಿಯಿತು. ತಾಯಂದಿರು ಕಿಟಕಿ ಬಡಿದು ರೊಟ್ಟಿ ಕೊಟ್ಟರು, ಮಕ್ಕಳು ತಿಂದವು. ಒಬ್ಬ ಚಡ್ಡಿಯಲ್ಲೇ ಮೂತ್ರ ಮಾಡಿಕೊಂಡು ಅತ್ತ. ಅವನನ್ನು ಒರೆಸಿ ಸಮಾಧಾನ ಮಾಡುವಷ್ಟರಲ್ಲಿ ಇನ್ನಿಬ್ಬರು ಕಚ್ಚಾಡಿದರು. ಅಕ್ಕೋರು ಬೇಡಿಕೊಂಡರು, ಗದರಿಸಿದರು, ಬೆಲ್ಲ ಕೊಡುತ್ತೇನೆ ಎಂದರು, ಮತ್ತೆ ಗದರಿಸಿದರು. ಮಕ್ಕಳು ಹೆದರಿ ಇನ್ನೂ ಚಂದದ ಸಾಲುಗಳನ್ನು ಹೇಳಿದವು. ಬಾಗಿಲು ಕೇಳಲಿಲ್ಲ.

ಬಿಸಿಲು ಕಿಟಕಿಯ ಸಂದಿಯಲ್ಲಿ ಹಳದಿಯಾದಾಗ ಹೊರಗೆ ಸುತ್ತಿಗೆಯ ಸದ್ದು ಶುರುವಾಯಿತು. ಹಿರಿಯರು ದೀಪದ ಹೊತ್ತಿನ ತನಕವೂ ಕಾದಿರಲಿಲ್ಲ. ಶಾಲೆಗೆ ಹತ್ತಿರದ ಮನೆಯ ಬಾಗಿಲಿಗೆ ಕಮ್ಮಾರ ಚಿಲಕ ಹೊಡೆಯುತ್ತಿದ್ದ. ಜನ ನಿಂತು ನೋಡುತ್ತಿದ್ದರು. ಒಬ್ಬ ಹೆಣ್ಣುಮಗಳು, ಇನ್ ಮುಂದ ಗಂಟಲು ನೋವಿಲ್ಲ ಬಿಡು ಎಂದದ್ದು ಒಳಗೆ ಸ್ಪಷ್ಟವಾಗಿ ಕೇಳಿಸಿತು. ಅದಕ್ಕೆ ಹಲವರು ಹೌದು ಹೌದು ಎಂದರು.

ಅಕ್ಕೋರು ಕುಸಿದು ನೆಲದ ಮೇಲೆ ಕೂತರು. ಅವರಿಗೆ ಅಳು ಬರಲಿಲ್ಲ, ಬರೀ ಸಿಟ್ಟು ಬಂತು. ಚಿಲಕ ನೋಡಿ ಹಿಗ್ಗುವ ಊರಿನ ಮೇಲೆ ಸಿಟ್ಟು, ಗಿಣಿ ಮಾಡಿ ಕಳಿಸುವ ತಾಯಂದಿರ ಮೇಲೆ ಸಿಟ್ಟು, ಅವರು ಹೇಳಿದ್ದನ್ನೇ ಹೇಳುವ ಮಕ್ಕಳ ಮೇಲೆ ಸಿಟ್ಟು, ಒಂದು ಸಲವಾದರೂ ಸುಳ್ಳಿಗೆ ತೆರೆಯಬಾರದೇ ಎಂದು ಬಾಗಿಲಿನ ಮೇಲೆ ಸಿಟ್ಟು. ಇಷ್ಟು ವರ್ಷ ಇಷ್ಟು ಮಕ್ಕಳಿಗೆ ಕಣ್ಣು ಕೊಟ್ಟೆ ಎಂದುಕೊಂಡಿದ್ದೆನಲ್ಲ, ಕೊಟ್ಟದ್ದೇನು, ಮುಖ ನೋಡುವ ಚಾಳಿಯೊಂದೇ ಎಂದು ತಮ್ಮ ಮೇಲೂ ಸಿಟ್ಟು ಬಂತು.

"ಸಾಕಾತು ನನಗ. ಬರ್ಲಿ ಚಿಲಕ. ಯಾರೂ ಏನೂ ಹೇಳಬ್ಯಾಡ್ರಿ," ಎಂದರು.

ಮಕ್ಕಳಿಗೆ ಮೊದಲು ನಂಬಿಕೆ ಬರಲಿಲ್ಲ. ಆಮೇಲೆ, ನಿಜವಾಗಿಯೂ ಇನ್ನು ಕೇಳುವುದಿಲ್ಲ ಎಂದು ತಿಳಿದ ಮೇಲೆ, ಪಾಟಿ ಅತ್ತ ಬಿಸಾಕಿ ತಮ್ಮ ತಮ್ಮಲ್ಲೇ ಆಡತೊಡಗಿದವು. ಯಾರೋ ನಕ್ಕರು, ಯಾರೋ ಯಾರನ್ನೋ ನೂಕಿದರು. ಅಕ್ಕೋರು ತಲೆ ಎತ್ತಲಿಲ್ಲ. ಬಲಗೈ ಮಡಿಲಲ್ಲಿ ಅಂಗಾತ ಬಿದ್ದುಕೊಂಡಿತ್ತು, ಬೆಳ್ಳಗೆ.

ಸ್ವಲ್ಪ ಹೊತ್ತಿಗೆ ತಮ್ಮ ಮುಂದೆ ಯಾರೋ ಕೂತಿದ್ದಾರೆ ಎನ್ನಿಸಿತು. ಹಗ್ಗ ಹೊಸೆಯುವವಳ ಮಗಳು. ಅವಳು ಅವರ ಮುಖ ನೋಡುತ್ತಿರಲಿಲ್ಲ. ಬೆಳಗಿನಿಂದ ಅವರ ಮುಖ ನೋಡದ ಮಗು ಅದೊಂದೇ. ಅವಳು ಕೈಯನ್ನು ನೋಡುತ್ತಿದ್ದಳು, ತುಂಬ ಹತ್ತಿರದಿಂದ, ಏನೋ ಹುಡುಕುವವಳ ಹಾಗೆ.

"ಏನ್ ನೋಡಾಕತ್ತೀ?" ಅಕ್ಕೋರು ಗದರಿಸಿದರು. ಗದರಿಸುವುದು ಬಿಟ್ಟು ಬೇರೆ ದನಿ ಅವರ ಗಂಟಲಿನಲ್ಲಿ ಉಳಿದಿರಲಿಲ್ಲ.

ಹುಡುಗಿ ಹೆದರಲಿಲ್ಲ. ಕೇಳಿದ್ದಕ್ಕೆ ಉತ್ತರ ಹೇಳಿದಳು.

"ನಮ್ಮಜ್ಜಿ ಅಕ್ಕೋರ ಅಂಗೈಯಾಗ ಅದಾಳ."

ಬಾಗಿಲು ತೆರೆಯಿತು. ಕೂದಲಿನಷ್ಟಲ್ಲ, ಕೈಯಗಲವಲ್ಲ, ಎರಡೂ ಕದ ಗೋಡೆಗೆ ಬಡಿಯುವಷ್ಟು. ಇಳಿಬಿಸಿಲು ಒಮ್ಮೆಲೆ ಒಳಗೆ ಬಂತು. ಸುತ್ತಿಗೆಯ ಸದ್ದು ಅರ್ಧಕ್ಕೆ ನಿಂತಿತು. ಮಕ್ಕಳು ಏನಾಯಿತೆಂದು ಕೇಳದೆ, ಯಾರ ಸಾಲು ಎಂದು ಕೇಳದೆ, ಓ ಎಂದು ಕೂಗಿಕೊಂಡು ಹೊರಗೆ ಓಡಿದವು. ತಾಯಂದಿರು ಅವನ್ನು ಎತ್ತಿಕೊಂಡು, ನೀನೇ ಹೇಳಿದೆಯಾ, ನೀನೇನಾ ಎಂದು ಕೇಳುತ್ತಿದ್ದರು.

ಒಳಗೆ ಅಕ್ಕೋರು ಕೂತಲ್ಲೇ ಕೂತಿದ್ದರು. ಶಾಲೆ ಉಳಿಯಿತು ಎನ್ನುವುದು ಅವರಿಗೆ ಗೊತ್ತಾಗಿತ್ತು, ಆದರೆ ಗೊತ್ತಾಗಬೇಕಾದ ಜಾಗಕ್ಕೆ ಇನ್ನೂ ಹೋಗಿ ಮುಟ್ಟಿರಲಿಲ್ಲ. ಅದಕ್ಕಿಂತ ಮೊದಲು ಬೇರೊಂದು ಹೋಗಿ ಮುಟ್ಟಿತ್ತು.

"ಪಾಟಿ ಮ್ಯಾಲ ಏನ್ ಬರದಿದ್ದೆವ್ವಾ ನೀನು?" ಎಂದು ಮೆಲ್ಲಗೆ ಕೇಳಿದರು.

"ನೀವು ಓದಲಿಲ್ಲೇನ್ರೀ?"

ಒಂದು ಸುಳ್ಳು ಹೇಳಬಹುದಿತ್ತು. ಹೊರಗಿನ ಊರಿಗಾಗಿದ್ದರೆ ಹೇಳಿಯೂ ಬಿಡುತ್ತಿದ್ದರೋ ಏನೋ. ಇಲ್ಲ ಎಂದರು.

ಹುಡುಗಿ ಯೋಚಿಸಿದಳು. ಹಣೆ ಸುಕ್ಕುಮಾಡಿ, ತುಟಿ ಕಚ್ಚಿಕೊಂಡು, ತುಂಬ ಹೊತ್ತು ಯೋಚಿಸಿದಳು. ಅವಳ ಅಜ್ಜಿ ಹೋದದ್ದು ಹಿಂದಿನ ಅಮಾವಾಸ್ಯೆಗೆ. ಹೊಸೆಯುತ್ತಿದ್ದ ಹಗ್ಗದ ತುದಿ ಇನ್ನೂ ಕೈಯಲ್ಲೇ ಇತ್ತಂತೆ ಎಂದು ಊರವರು ಆಡಿಕೊಂಡದ್ದನ್ನು ಅಕ್ಕೋರೂ ಕೇಳಿದ್ದರು. ಕೇಳಿ ಪಾಪ ಎಂದಿದ್ದರು. ಪಾಟಿ ಒರೆಸುವಾಗ ಅದು ನೆನಪಾಗಿರಲಿಲ್ಲ.

"ಭಾಳ ಇತ್ರೀ," ಎಂದಳು ಹುಡುಗಿ. "ಈಗ ನೆನಪಾಗವಲ್ದು."

ಅಷ್ಟು ಹೇಳಿ, ಪಾಟಿ ಕಂಕುಳಲ್ಲಿಟ್ಟುಕೊಂಡು ಅವಳೂ ಹೊರಗೆ ಹೋದಳು.

ಪದ್ಧತಿಯ ಪ್ರಕಾರ ಹೊಸ ಸಾಲನ್ನು ಅಕ್ಕೋರು ಶಾಲೆಯ ಹೊಸ್ತಿಲ ಮೇಲೆ ನಿಂತು ಊರಿಗೆ ಕೇಳುವ ಹಾಗೆ ಹೇಳಬೇಕು. ಊರು ನೆರೆದಿತ್ತು. ಹಿರಿಯರು ದೀಪದ ಬತ್ತಿ ಹಿಡಿದುಕೊಂಡೇ ನಿಂತಿದ್ದರು, ಮುಖದ ಮೇಲೆ ಸಂತೋಷವೂ ಇರಲಿಲ್ಲ, ಇಲ್ಲವೆನ್ನುವ ಹಾಗೂ ಇರಲಿಲ್ಲ. ಅಕ್ಕೋರು ಹೊಸ್ತಿಲ ಮೇಲೆ ನಿಂತರು. ಆ ಗದ್ದಲದಲ್ಲಿ ಸಾಲನ್ನು ಕೇಳಿದ್ದವರು ತಾವೊಬ್ಬರೇ ಎನ್ನುವುದು ಅವರಿಗೆ ಆಗ ಹೊಳೆಯಿತು. ಅದನ್ನು ಹೇಳಿದವಳು ಆಗಲೇ ತಾಯಿಯ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದಳು.

ಸಾಲು ಹೇಳಿದರು. ಹೇಗೆ ಕೇಳಿದ್ದರೋ ಹಾಗೆ.

ಜನರಲ್ಲಿ ಗುಸುಗುಸು ಎದ್ದಿತು. ಹಿರಿಯರು ಒಂದು ಹೆಜ್ಜೆ ಮುಂದೆ ಬಂದು, ಸಣ್ಣ ದನಿಯಲ್ಲಿ, ಸ್ನೇಹದಿಂದಲೇ ಹೇಳಿದರು.

"ಅಕ್ಕೋರ, ನಿಮ್ಮ ಅಂಗೈ ಅನ್ನೂದು ಅಷ್ಟು ಒಪ್ಪೂದಿಲ್ಲ. ದೇವರ ಅಂಗೈ ಅನ್ನೋಣು. ಸ್ವಲ್ಪ ಚಂದ ಆಕ್ಕೈತಿ."

ದೇವರ ಅಂಗೈ. ಎಷ್ಟು ಸುಲಭ. ಒಂದೇ ಶಬ್ದ ಬದಲಾದರೆ ಅಜ್ಜಿ ಸ್ವರ್ಗಕ್ಕೆ ಹೋಗುತ್ತಾಳೆ, ಹಿರಿಯರಿಗೆ ಸಮಾಧಾನ, ಊರಿಗೆ ಭಕ್ತಿ, ಅಕ್ಕೋರ ಕೈ ಬರೀ ಕೈ. ಅವರಿಗೆ ಆಸೆಯಾಗಲಿಲ್ಲ ಎಂದರೆ ನಾನು ಸುಳ್ಳು ಹೇಳಿದ ಹಾಗೆ. ಒಂದು ಕ್ಷಣ ಹೌದು ಎನ್ನುವ ಮಾತು ನಾಲಿಗೆಯ ಮೇಲೇ ಇತ್ತು.

"ಆಕಿ ಹೇಳಿದ್ದು ನನ್ನ ಅಂಗೈ," ಎಂದರು ಅಕ್ಕೋರು.

ಹಿರಿಯರು ಅಷ್ಟಕ್ಕೆ ಬಿಡುವವರಲ್ಲ. ಚಿಲಕ ಅರ್ಧ ಹೊಡೆದಿದ್ದ ಮನೆಯ ಮುಂದೆ ಹೋಗಿ, ಎಡಗೈ ಇಟ್ಟು, ದೇವರ ಅಂಗೈ ಎಂದೇ ಹೇಳಿ ನೋಡಿದರು. ಬಾಗಿಲು ಕೇಳಲಿಲ್ಲ. ಇನ್ನೊಮ್ಮೆ ದನಿ ಏರಿಸಿ ಹೇಳಿದರು. ಕೇಳಲಿಲ್ಲ. ಕೊನೆಗೆ ಅತ್ತಿತ್ತ ನೋಡಿ, ಗೊಣಗಿದ ಹಾಗೆ, ಹುಡುಗಿ ಹೇಳಿದ್ದನ್ನೇ ಹೇಳಿದರು. ಬಾಗಿಲು ಮೆತ್ತಗೆ ಸರಿದು ತೆರೆಯಿತು, ಅರ್ಧ ಹೊಡೆದ ಚಿಲಕ ಕಳಚಿ ಕೆಳಗೆ ಬಿತ್ತು. ಕಮ್ಮಾರ ತನ್ನ ರಾಶಿಯನ್ನು ಗೋಣಿಗೆ ತುಂಬಿಕೊಳ್ಳತೊಡಗಿದ. ಮುಂದಿನ ವರ್ಷಕ್ಕೆ ಬೇಕಾದೀತು ಎಂದು ಅವನಿಗೆ ಅನ್ನಿಸಿದ್ದರೆ ತಪ್ಪಿಲ್ಲ.

ಜನ ಕರಗಿ ತಮ್ಮ ತಮ್ಮ ಮನೆಗೆ ಹೊರಟರು. ಅಕ್ಕೋರೂ ಹೊರಟರು. ಓಣಿಯ ಎರಡೂ ಬದಿ ಜನ ಹೊಸ್ತಿಲ ಮುಂದೆ ನಿಂತು, ಕದದ ಮೇಲೆ ಎಡಗೈ ಇಟ್ಟು, ಹೊಸ ಸಾಲು ಹೇಳುತ್ತಿದ್ದರು. ಗಂಡಸರು ಹೇಳಿದರು, ಬಸುರಿಯರು ಹೇಳಿದರು, ಹಲ್ಲಿಲ್ಲದ ಮುದುಕರು ಹೇಳಿದರು. ನಮ್ಮಜ್ಜಿ ಅಕ್ಕೋರ ಅಂಗೈಯಾಗ ಅದಾಳ. ಬಾಗಿಲುಗಳು ಒಂದೊಂದಾಗಿ ತೆರೆದುಕೊಂಡವು. ವರ್ಷಗಳ ಮೇಲೆ ಎಷ್ಟು ಹಗುರಾಗಿ ತೆರೆಯುತ್ತಿವೆ ನೋಡು ಎಂದು ಜನ ಒಬ್ಬರಿಗೊಬ್ಬರು ಹೇಳಿಕೊಂಡರು.

ಸಾಲಿನ ಅರ್ಥ ಅವರಿಗೆ ತಾವೇ ಮಾಡಿಕೊಂಡಾಗಿತ್ತು. ಬಳೆ ಮಾರುವವನ ಹೆಂಡತಿ ತನ್ನ ಹೊಸ್ತಿಲಿನಿಂದ ಇಳಿದು ಬಂದು, ಮಕ್ಕಳಿಗೆ ನಿಮ್ಮ ಮೇಲೆ ಎಷ್ಟು ಜೀವ ಅಕ್ಕೋರ, ನಿಮ್ಮ ಕೈಯಲ್ಲಿ ತಮ್ಮ ಅಜ್ಜಿಯನ್ನೇ ಕಾಣುತ್ತಾರಲ್ಲ, ಅಂಥ ಕೈ ನಿಮ್ಮದು ಎಂದು ಕಣ್ಣು ಒರೆಸಿಕೊಂಡಳು. ಆ ಕೈಯನ್ನು ಹಿಡಿದು ಕಣ್ಣಿಗೆ ಒತ್ತಿಕೊಳ್ಳಲು ನೋಡಿದಳು. ಅಕ್ಕೋರು ಕೈ ಕೊಡಲಿಲ್ಲ, ಮುಷ್ಟಿ ಬಿಗಿಹಿಡಿದು ಸೆರಗಿನೊಳಗೆ ಸೇರಿಸಿಕೊಂಡರು. ನಾಚಿಕೆಯೆಂದು ಅವಳು ತಿಳಿದುಕೊಂಡಳು. ಅಕ್ಕೋರಿಗೆ ಬಾಯಿಬಿಟ್ಟು ಕೂಗಿ ಹೇಳಬೇಕೆನ್ನಿಸಿತು. ಇದು ಹೊಗಳಿಕೆಯಲ್ಲ, ನೀವು ಹೇಳುತ್ತಿರುವುದು ಏನೆಂದು ನಿಮಗೆ ಗೊತ್ತಿಲ್ಲ ಎಂದು. ಹೇಳಿದ್ದರೆ ಯಾರೂ ನಂಬುತ್ತಿರಲಿಲ್ಲ, ಅಕ್ಕೋರು ಎಷ್ಟು ದೊಡ್ಡವರು ಎಂದು ಇನ್ನಷ್ಟು ಹೊಗಳುತ್ತಿದ್ದರು.

ತಮ್ಮ ಮನೆಯ ಮುಂದೆ ಬಂದು ನಿಂತರು. ಒಂಟಿ ಮನೆ, ಒಳಗಿನಿಂದ ತೆರೆಯಲು ಯಾರೂ ಇಲ್ಲ. ಎಡಗೈ ಕದದ ಮೇಲಿಟ್ಟರು. ಇವತ್ತು ಒಂದು ಸಲ, ನಾಳೆ ಒಂದು ಸಲ, ನೀರಿಗೆ ಹೋಗಿ ಬಂದರೆ ಒಂದು ಸಲ, ಶಾಲೆಯಿಂದ ಬಂದರೆ ಒಂದು ಸಲ, ಇದು ಸವೆಯುವ ತನಕ. ಈ ವರ್ಷದ ಸಾಲು ಅಷ್ಟು ಬೇಗ ಸವೆಯುವಂಥದ್ದಲ್ಲ ಎಂದು ಅವರಿಗೆ ಗೊತ್ತಿತ್ತು. ಒಳ್ಳೆಯ ಸಾಲು ಯಾವುದು ಎಂದು ಅವರಿಗಿಂತ ಚೆನ್ನಾಗಿ ಬಲ್ಲವರು ಆ ಊರಿನಲ್ಲಿ ಯಾರಿದ್ದರು.

ಸಾಲು ಹೇಳಿದರು. ಬಾಗಿಲು ತೆರೆಯಿತು.

ಒಳಗೆ ಹೋಗಿ ದೀಪ ಹಚ್ಚಿದರು. ಬೆಳಗಿನಿಂದ ಒಂದು ತುತ್ತೂ ಹೊಟ್ಟೆಗೆ ಬಿದ್ದಿರಲಿಲ್ಲ, ಮಕ್ಕಳಿಗೆ ಬಂದ ರೊಟ್ಟಿಯನ್ನು ಮಕ್ಕಳಿಗೇ ಹಂಚಿದ್ದರು. ನಿನ್ನೆಯ ರೊಟ್ಟಿ, ಚಟ್ನಿಪುಡಿ ತೆಗೆದು ತಟ್ಟೆಗೆ ಹಾಕಿಕೊಂಡರು. ಬಚ್ಚಲಿಗೆ ಹೋಗಿ ಚೆಂಬಿನ ತುಂಬ ನೀರು ತುಂಬಿಕೊಂಡರು. ಬಲಗೈಯ ಮುಷ್ಟಿ ಬಿಡಿಸಿ ನೋಡಿದರು. ಬೆವರಿಗೆ ಅಂಟಿ, ಗೆರೆಗೆರೆಯೊಳಗೆ ಇಳಿದು, ಬಿಳಿ ಹುಡಿ ಇನ್ನೂ ಹಾಗೇ ಇತ್ತು. ಅದರಲ್ಲಿ ಯಾವುದು ಚಂದ್ರ, ಯಾವುದು ಹಲ್ಲಿ, ಯಾವುದು ಆ ಮಗುವಿನ ಅಜ್ಜಿ ಎಂದು ತಿಳಿಯುವ ಹಾಗಿರಲಿಲ್ಲ.

ಚೆಂಬಿನ ಮುಂದೆ ಕುಕ್ಕರಗಾಲಿನಲ್ಲಿ ಕೂತರು. ಹೊಟ್ಟೆ ಹಸಿದಿತ್ತು. ಕೈ ತೊಳೆಯದೆ ಉಣ್ಣುವಂತಿರಲಿಲ್ಲ.